ಮೊದಲ ತಿಂಗಳು ತಾಯಿಯದು, ಎರಡನೆಯ ತಿಂಗಳು ನಿಮ್ಮದು

ಮನೆಯಲ್ಲಿ ಮುಧೋಳ ನಾಯಿಯ ಮೊದಲ ಮರಿಗಳನ್ನು ಸಾಕಿ ಮಾರುವವರಿಗೆ



ಮುಧೋಳ, ಜಮಖಂಡಿ ಸುತ್ತಿನ ಹಳ್ಳಿಗಳಲ್ಲಿ ಆಕಳು, ಎಮ್ಮೆ ಕಟ್ಟಿದ ಮನೆಯ ಅಂಗಳದಲ್ಲಿ ಒಂದು ಮುಧೋಳ ನಾಯಿ ಇರುವುದು ಹೊಸ ಸಂಗತಿಯಲ್ಲ. ಅದರ ಮರಿಗೆ ಈಗ ಬಂದಿರುವ ಬೇಡಿಕೆ ಮಾತ್ರ ಹೊಸದು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆ ಚೀಟಿ ಹೊರತಂದಿತು. ಭಾರತೀಯ ಸೇನೆ ಇದರ ಮರಿಗಳನ್ನು ಪಡೆದು ತರಬೇತಿ ನೀಡಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಆಕಾಶವಾಣಿಯ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಇದರ ಹೆಸರು ಹೇಳಿದರು. ಈಗ ದೂರದ ಊರುಗಳಿಂದಲೂ ಮರಿ ಕೇಳಿಕೊಂಡು ಜನ ಬರುತ್ತಾರೆ.

ಹೀಗಾಗಿ ಆಕಳ ಚಿಕಿತ್ಸೆಗೆಂದು ಹೋದ ಮನೆಯಲ್ಲಿ ಕೆಚ್ಚಲು ನೋಡಿ ಕೈ ತೊಳೆಯುವಷ್ಟರಲ್ಲಿ, “ಡಾಕ್ಟರ್ರ, ನಮ್ಮ ನಾಯಿಗೂ ಒಮ್ಮೆ ಮರಿ ಹಾಕಸೂಣಂತ ಮಾಡೇವ್ರಿ” ಎಂಬ ಮಾತು ಬರುತ್ತದೆ. ಅವರೆಲ್ಲರಿಗೂ ಒಟ್ಟಿಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಮರಿ ಹುಟ್ಟಿದ ಮೊದಲ ತಿಂಗಳು ಬಹುಪಾಲು ಕೆಲಸವನ್ನು ತಾಯಿಯೇ ಮಾಡುತ್ತದೆ. ಮೇವು, ಔಷಧ, ಶುಚಿ, ಕಾವಲು ಎಲ್ಲವೂ ನಿಮ್ಮ ತಲೆಗೆ ಬರುವುದು ಎರಡನೆಯ ತಿಂಗಳಲ್ಲಿ. ಬಹಳ ಜನ ಮರಿಯನ್ನು ಮೂವತ್ತನೆಯ ದಿನಕ್ಕೇ ಕೊಟ್ಟು ಕೈ ತೊಳೆದುಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಮರಿ ಬದುಕುವುದೋ ಸಾಯುವುದೋ, ಮುಂದೆ ಒಳ್ಳೆಯ ನಾಯಿಯಾಗುವುದೋ ಕಚ್ಚುವ ನಾಯಿಯಾಗುವುದೋ ಎಂಬುದು ಬಹುಮಟ್ಟಿಗೆ ಆ ಎರಡನೆಯ ತಿಂಗಳಲ್ಲೇ ತೀರ್ಮಾನವಾಗುತ್ತದೆ. ಆ ತಿಂಗಳು ದುಡಿಯಲು ಮನಸ್ಸಿಲ್ಲದವರು ಮರಿ ಹಾಕಿಸುವುದೇ ಬೇಡ.

ಗಂಡು ಕೊಡಿಸುವ ಮೊದಲು

ನಾಯಿ ಮೊದಲ ಸಲ ಬೆದೆಗೆ ಬಂದ ಕೂಡಲೇ ಗಂಡು ಕೊಡಿಸಬೇಡಿ. ಕಡಸು ಬೆಳೆಯುವ ಮೊದಲೇ ಗಬ್ಬ ಕಟ್ಟಿದರೆ ಕರು ಹಾಕುವಾಗ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ನಾಯಿ ಸಾಕಿ ಮರಿ ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಮಾಡಿದೆ. ಅದರಂತೆ ಹೆಣ್ಣು ನಾಯಿಗೆ ಕನಿಷ್ಠ 18 ತಿಂಗಳು ತುಂಬಿರಬೇಕು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಮರಿ ಹಾಕಿಸುವಂತಿಲ್ಲ. ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಅರ್ಜಿಯ ವಿವರವನ್ನು ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಮರಿ ಹುಟ್ಟಿದ ಮೇಲೆ ಓಡಾಡಿದರೆ ಸಮಯ ಸಾಲದು.

ಆಕಳ ಬೆದೆ ಒಂದು ದಿನದೊಳಗೆ ಮುಗಿಯುತ್ತದೆ. ನಾಯಿಯ ಬೆದೆ ಸುಮಾರು ಮೂರು ವಾರ ಇರುತ್ತದೆ. ರಕ್ತಸ್ರಾವ ಕಂಡ ದಿನದಿಂದ ಎಣಿಸಿದರೆ, ಸಾಮಾನ್ಯವಾಗಿ 10ರಿಂದ 14ನೆಯ ದಿನದ ನಡುವೆ ಅದು ಗಂಡಿಗೆ ನಿಲ್ಲುತ್ತದೆ. ಗಂಡು ಕೊಡಿಸಿ ಆಯಿತೆಂದು ಆಮೇಲೆ ಬಿಡಬೇಡಿ. ಅದೇ ಬೆದೆಯಲ್ಲಿ ಬೀದಿಯ ಗಂಡು ಸೇರಿದರೆ ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳು ಹುಟ್ಟಬಹುದು. ಆಗ ಶುದ್ಧ ತಳಿ ಎಂದು ನೀವು ಹೇಳುವ ಮಾತಿಗೆ ಬೆಲೆ ಉಳಿಯುವುದಿಲ್ಲ. ಮೂರು ವಾರವೂ ಬಾಗಿಲು ಹಾಕಿದ ಜಾಗದಲ್ಲಿರಲಿ. ತಾಯಿ, ಮಗ, ಒಡಹುಟ್ಟಿದವುಗಳನ್ನು ಕೂಡಿಸಬೇಡಿ. ತಳಿಯ ಗುಣ, ಒಳ್ಳೆಯ ಗಂಡಿನ ಆಯ್ಕೆ ಮುಂತಾದ ಸಲಹೆಗೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಒಮ್ಮೆ ಹೋಗಿ ಬನ್ನಿ.

ತಾಯಿಯ ಲಸಿಕೆಗಳು ಬಾಕಿ ಇದ್ದರೆ ಗಂಡು ಕೊಡಿಸುವ ಮೊದಲೇ ಹಾಕಿಸಿ. ತಾಯಿಯಲ್ಲಿ ರೋಗ ತಡೆಯುವ ಶಕ್ತಿ ಇದ್ದರಷ್ಟೇ ಅದು ಗಿಣ್ಣದ ಹಾಲಿನ ಮೂಲಕ ಮರಿಗೆ ಸಿಗುತ್ತದೆ.

ಗಬ್ಬದ 63 ದಿನ

ನಾಯಿಯ ಗಬ್ಬ ಸುಮಾರು 63 ದಿನ. ಮೊದಲ ಐದಾರು ವಾರ ಎಂದಿನ ಊಟವೇ ಸಾಕು. ಕೊನೆಯ ಮೂರು ವಾರ ಮೇವನ್ನು ಕಾಲು ಭಾಗದಿಂದ ಅರ್ಧ ಭಾಗದವರೆಗೆ ಹೆಚ್ಚಿಸಿ. ಹೊಟ್ಟೆಯಲ್ಲಿ ಜಾಗ ಕಡಿಮೆ ಇರುವುದರಿಂದ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ.

ಕರು ಹಾಕುವ ಆಕಳಿಗೆಂದು ತಂದಿಟ್ಟ ಕ್ಯಾಲ್ಸಿಯಂ ಬಾಟಲಿಯಿಂದ ನಾಯಿಗೂ ದಿನಾ ಒಂದು ಚಮಚ ಹಾಕುವವರನ್ನು ಕಂಡಿದ್ದೇನೆ. ಇದು ಬೇಡ. ಗಬ್ಬದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಹೆಚ್ಚಾದರೆ, ಎಲುಬಿನಿಂದ ಅದನ್ನು ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪುತ್ತದೆ. ಮರಿಗಳು ಜೋರಾಗಿ ಹಾಲು ಕುಡಿಯತೊಡಗಿದಾಗ ತಾಯಿಗೆ ಹಾಲು ಜ್ವರ ಬರುತ್ತದೆ.

ನಾಯಿಯ ಹಾಲು ಜ್ವರ ಆಕಳ ಹಾಲು ಜ್ವರದಂತೆ ಕಾಣುವುದಿಲ್ಲ. ಆಕಳಿಗೆ ಅದು ಕರು ಹಾಕಿದ ಒಂದೆರಡು ದಿನದಲ್ಲಿ ಬರುತ್ತದೆ, ಮೈ ತಣ್ಣಗಾಗುತ್ತದೆ, ಕುತ್ತಿಗೆ ತಿರುಗಿಸಿ ಮಲಗಿಬಿಡುತ್ತದೆ. ನಾಯಿಗೆ ಹೆಚ್ಚಾಗಿ ಮರಿ ಹಾಕಿದ ಎರಡರಿಂದ ನಾಲ್ಕು ವಾರದಲ್ಲಿ ಬರುತ್ತದೆ. ಏದುಸಿರು, ಚಡಪಡಿಕೆ, ಸೆಟೆದ ನಡಿಗೆ, ಮೈ ನಡುಕ, ಸುಡುವ ಜ್ವರ ಇದರ ಲಕ್ಷಣ. ಹೀಗೆ ಕಂಡರೆ ಮರಿಗಳನ್ನು ಹಾಲಿನಿಂದ ಬಿಡಿಸಿ, ರಾತ್ರಿಯಾದರೂ ಸರಿ ವೈದ್ಯರನ್ನು ಕರೆಯಿರಿ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು. ಸಮಯಕ್ಕೆ ಇಂಜೆಕ್ಷನ್ ಸಿಕ್ಕರೆ ಕಣ್ಣೆದುರೇ ಎದ್ದು ನಿಲ್ಲುತ್ತದೆ.

ಮರಿ ಹಾಕುವ ಹೊತ್ತು

ದಿನ ತುಂಬುವ ಒಂದು ವಾರ ಮೊದಲೇ ಗಾಳಿ, ಮಳೆ ಬಡಿಯದ, ದನಗಳಿಂದ ದೂರದ ಮೂಲೆಯಲ್ಲಿ ಜಾಗ ಮಾಡಿ. ಹಲಗೆಯ ಮೇಲೆ ಒಗೆದ ಹಳೆಯ ಬಟ್ಟೆ ಹಾಸಿದರೆ ಸಾಕು. 58ನೆಯ ದಿನದಿಂದ ಬೆಳಿಗ್ಗೆ, ಸಂಜೆ ಥರ್ಮಾಮೀಟರ್ ಇಟ್ಟು ನೋಡಿ. ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುವ ಉಷ್ಣಾಂಶ 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಮರಿ ಹಾಕುತ್ತದೆ ಎಂದು ತಿಳಿಯಿರಿ.

ಮೂರು ಸಂದರ್ಭಗಳಲ್ಲಿ ಕಾಯುತ್ತ ಕೂರಬಾರದು. ಜೋರಾಗಿ ಮುಕ್ಕರಿಸಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಎರಡು ಗಂಟೆ ದಾಟಿದರೆ, ಮೊದಲ ಮರಿ ಬರುವ ಮುಂಚೆಯೇ ಕಡು ಹಸಿರು ಸ್ರಾವ ಕಂಡರೆ ತಕ್ಷಣ ವೈದ್ಯರನ್ನು ಕರೆಯಿರಿ. ಕರು ಎಳೆದಂತೆ ಮರಿಯನ್ನು ಎಳೆಯಲು ಹೋಗಬೇಡಿ.

ಮೊದಲ ಸೂಲಿನ ತಾಯಿ ಕೆಲವೊಮ್ಮೆ ಗಾಬರಿಯಾಗಿ ಮರಿಯ ಮೇಲಿನ ಪೊರೆಯನ್ನು ಹರಿಯುವುದಿಲ್ಲ. ಆಗ ನೀವೇ ಪೊರೆ ಬಿಡಿಸಿ, ಮೂಗು, ಬಾಯಿ ಒರೆಸಿ, ಒಣ ಬಟ್ಟೆಯಿಂದ ಮೈ ಉಜ್ಜಿ, ತಾಯಿಯ ಮುಂದಿಡಿ. ಇದಕ್ಕಿಂತ ಹೆಚ್ಚಿನ ಸಹಾಯ ಬೇಡ. ಊರಿನ ಮಕ್ಕಳನ್ನೂ ನೋಡಲು ಬಂದವರನ್ನೂ ಆ ದಿನ ದೂರ ಇಡಿ.

ಮೊದಲ ನಾಲ್ಕು ವಾರ

ಕರುವಿಗೆ ಗಿಣ್ಣ ಎಷ್ಟು ಮುಖ್ಯವೋ ಮರಿಗೂ ಅಷ್ಟೇ. ಹುಟ್ಟಿದ ಮೊದಲ 12 ಗಂಟೆಯೊಳಗೆ ಪ್ರತಿಯೊಂದು ಮರಿಯೂ ಮೊಲೆ ಹಿಡಿದು ಕುಡಿದಿದೆಯೇ ಎಂದು ಕಣ್ಣಾರೆ ನೋಡಿ. ಚಿಕ್ಕ ಮರಿಯನ್ನು ದೊಡ್ಡವು ತಳ್ಳುತ್ತಿದ್ದರೆ ಅದನ್ನು ಮೊದಲು ಹಚ್ಚಿ.

ಹುಟ್ಟಿದ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಬರುವುದಿಲ್ಲ. ಮುಧೋಳ ತಳಿಗೆ ಕೂದಲು ಗಿಡ್ಡ, ಚರ್ಮ ತೆಳು. ಮೊದಲ ವಾರ ಮಲಗುವ ಜಾಗ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿರಬೇಕು. ಚಳಿಗಾಲವಾದರೆ ಒಂದು ಬದಿಗೆ ಬಲ್ಬು ತೂಗಿ. ಇನ್ನೊಂದು ಬದಿ ತಂಪಾಗಿಯೇ ಇರಲಿ, ಸೆಕೆಯಾದರೆ ಮರಿ ತಾನೇ ಸರಿಯುತ್ತದೆ. ತಣ್ಣಗಾದ ಮರಿಗೆ ಹಾಲು ಹಾಕಬಾರದು, ಮೊದಲು ಮೈ ಬೆಚ್ಚಗಾಗಲಿ.

ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಗುರುತಿಗೆ ಕೊರಳಲ್ಲಿ ಬಣ್ಣದ ದಾರ ಸಡಿಲವಾಗಿ ಕಟ್ಟಿ. ಆರೋಗ್ಯವಾಗಿರುವ ಮರಿ ಎಂಟು ಹತ್ತು ದಿನಕ್ಕೆ ಹುಟ್ಟಿದ ತೂಕದ ಇಮ್ಮಡಿಯಾಗುತ್ತದೆ. ಒಂದು ದಿನ ತೂಕ ಇಳಿದರೆ ಅದೇ ಮೊದಲ ಎಚ್ಚರಿಕೆ. ಕಣ್ಣಿಗೆ ಕಾಣುವ ಕಾಯಿಲೆ ಆಮೇಲೆ ಬರುತ್ತದೆ.

ತಾಯಿಗೆ ಹಾಲು ಸಾಲದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದು ಹಾಲಿನ ಚೆಂಬಿಗೆ. ಸಂಘದಲ್ಲಿ ನಿತ್ಯ ಫ್ಯಾಟು ನೋಡುವ ನಿಮಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಆಕಳ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 4, ಪ್ರೋಟೀನು ಶೇ. 3ರ ಮೇಲೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 7, ಪ್ರೋಟೀನು ಶೇ. 4ರ ಆಸುಪಾಸು. ನಾಯಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 9, ಪ್ರೋಟೀನು ಶೇ. 7ರಿಂದ 8. ಆದರೆ ಹಾಲಿನ ಸಕ್ಕರೆ ಮಾತ್ರ ನಾಯಿಯ ಹಾಲಿನಲ್ಲಿ ಕಡಿಮೆ, ಆಕಳು ಮತ್ತು ಎಮ್ಮೆಯ ಹಾಲಿನಲ್ಲಿ ಹೆಚ್ಚು. ನೀರು ಬೆರೆಸಿದ ಆಕಳ ಹಾಲು ಕುಡಿದ ಮರಿಗೆ ಹೊಟ್ಟೆ ತುಂಬಿದರೂ ಮೈ ಹತ್ತುವುದಿಲ್ಲ. ಬೆರೆಸದೆ ಕೊಟ್ಟರೂ ಆ ಸಕ್ಕರೆಯಿಂದ ಭೇದಿ ಹಿಡಿಯುತ್ತದೆ. ಕರುವಿಗೆ ಕೊಡುವ ಹಾಲಿನ ಪುಡಿಯೂ ಇದಕ್ಕಲ್ಲ. ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿಯನ್ನು ಒಂದು ಡಬ್ಬಿ ಮೊದಲೇ ತಂದಿಡಿ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. ಮರಿ ಹೊಟ್ಟೆ ಕೆಳಗಾಗಿ ಇರಲಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಪುಪ್ಪುಸಕ್ಕೆ ಇಳಿದು ಸಾಯುತ್ತದೆ.

ಹಾಲೂಡುವ ತಾಯಿಗೆ ಎಂದಿನ ಎರಡು ಮೂರು ಪಟ್ಟು ಮೇವು ಬೇಕು. ದಿನಕ್ಕೊಮ್ಮೆ ಅದರ ಮೊಲೆಗಳನ್ನು ಮುಟ್ಟಿ ನೋಡಿ. ಬಿಸಿ, ಗಟ್ಟಿ, ನೋವು ಇದ್ದರೆ ಕೆಚ್ಚಲು ಬಾವು ಎಂದೇ ತಿಳಿದು ಚಿಕಿತ್ಸೆ ಮಾಡಿಸಿ.

ನಂತರದ ನಾಲ್ಕು ವಾರ

ಕಣ್ಣು ತೆರೆಯುವುದು 10ರಿಂದ 14ನೆಯ ದಿನಕ್ಕೆ. ಮೂರನೆಯ ವಾರಕ್ಕೆ ಹಲ್ಲು ಮೂಡುತ್ತವೆ. ನಾಲ್ಕನೆಯ ವಾರಕ್ಕೆ ಮರಿ ಅಂಗಳದಲ್ಲಿ ಉರುಳಾಡತೊಡಗುತ್ತದೆ. ನೋಡಲು ಇದೇ ಚೆಂದದ ಹೊತ್ತು, ಗಿರಾಕಿ ಬರುವುದೂ ಇದೇ ಹೊತ್ತಿಗೆ. “ಹಾಲು ಬಿಟ್ಟೈತಿ, ಒಯ್ಯೋದಾ?” ಎನ್ನುತ್ತಾರೆ. ಕೊಡಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವುದನ್ನು ನಿಯಮವೂ ನಿಷೇಧಿಸುತ್ತದೆ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಮೇವು. ಹಾಲು ಬಿಡಿಸುವುದು ಒಂದೇ ದಿನದ ಕೆಲಸವಲ್ಲ. ನಾಲ್ಕನೆಯ ವಾರದಿಂದ ಮೆತ್ತಗಿನ ಊಟ ರೂಢಿ ಮಾಡಿಸಿ, ಏಳೆಂಟು ವಾರಕ್ಕೆ ಪೂರ್ತಿ ಬಿಡಿಸಬೇಕು. ದಿನಕ್ಕೆ ನಾಲ್ಕು ಸಲ ಊಟ. ಬರೀ ಜೋಳದ ನುಚ್ಚು, ರೊಟ್ಟಿ, ಹಾಲಿನಲ್ಲಿ ಬೆಳೆದ ಮರಿಯ ಕಾಲು ಸೊಟ್ಟಾಗಬಹುದು. ಓಟಕ್ಕೆ ಹೆಸರಾದ ತಳಿಯ ಕಾಲು ಸೊಟ್ಟಾದರೆ ಉಳಿದದ್ದೇನು? ನುಚ್ಚಿನ ಜೊತೆಗೆ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ ಮಾಂಸ, ಮೊಸರು ಇರಲಿ. ಅನುಕೂಲವಿದ್ದರೆ ನಾಯಿಮರಿಯ ಸಿದ್ಧ ಆಹಾರ ನೆನೆಸಿ ಕೊಡಿ. ದ್ರಾಕ್ಷಿ ಬೆಳೆಯುವ ಸೀಮೆ ನಮ್ಮದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ಉಳ್ಳಾಗಡ್ಡಿಯೂ ಬೇಡ.

ಎರಡನೆಯದು ರೋಗ. ದುಂಡು ಹುಳು ತಾಯಿಯ ಹೊಟ್ಟೆಯಲ್ಲೇ ಮರಿಗೆ ದಾಟುತ್ತದೆ. ಅದಕ್ಕೆ 2, 4, 6, 8ನೆಯ ವಾರ ಜಂತುನಾಶಕ ಕೊಡಬೇಕು, ಜೊತೆಗೆ ತಾಯಿಗೂ. ಔಷಧವನ್ನು ತೂಕ ನೋಡಿ ವೈದ್ಯರೇ ಬರೆಯಲಿ. ದನಕ್ಕೆ ತಂದ ಜಂತಿನ ಔಷಧ, ಐವರ್‌ಮೆಕ್ಟಿನ್ ಇಂಜೆಕ್ಷನ್, ಉಣ್ಣೆಗೆ ಎರಚುವ ಔಷಧ ಇವನ್ನು ಮರಿಗೆ ಮುಟ್ಟಿಸಬೇಡಿ. ದನದ ಅಳತೆಯ ಒಂದು ಹನಿ ಹೆಚ್ಚಾದರೂ ಒಂದು ಕಿಲೋ ತೂಕದ ಮರಿ ತಡೆಯದು.

ಪಾರ್ವೊ ಎಂಬ ರಕ್ತಭೇದಿ ಮರಿಗಳ ದೊಡ್ಡ ಶತ್ರು. ತಾಯಿಯಿಂದ ಬಂದ ರಕ್ಷಣೆ ಇಳಿಯುತ್ತ ಬರುವುದು, ಲಸಿಕೆಯ ರಕ್ಷಣೆ ಇನ್ನೂ ಪೂರ್ತಿ ಏರದಿರುವುದು ಸರಿಯಾಗಿ ಈ ವಾರಗಳಲ್ಲೇ. ಮೊದಲ ಲಸಿಕೆ ಆರರಿಂದ ಎಂಟನೆಯ ವಾರದಲ್ಲಿ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿ ಬರುತ್ತದೆ. ನಾಲ್ಕು ಮನೆಯ ಮರಿ ನೋಡಿ ಬಂದ ಗಿರಾಕಿ ನಿಮ್ಮ ಅಂಗಳಕ್ಕೂ ಅದನ್ನು ತರಬಹುದು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ದೂರದಿಂದ ನೋಡಲಿ. ರೋಗ ಬಂದ ಜಾಗವನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆಯಿರಿ, ಬರೀ ಫಿನೈಲು ಸಾಲದು.

ಮೂರನೆಯದು ಬುದ್ಧಿ. ಐದರಿಂದ ಎಂಟನೆಯ ವಾರದವರೆಗೆ ಮರಿಗಳು ಒಂದನ್ನೊಂದು ಕಚ್ಚಾಡಿ ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ, ತಾಯಿ ಗದರಿಸುತ್ತದೆ. ಹಲ್ಲನ್ನು ಎಷ್ಟು ಊರಬೇಕು ಎಂಬುದನ್ನು ಮರಿ ಕಲಿಯುವುದು ಹೀಗೆ. ತಿಂಗಳಿಗೇ ಒಯ್ದು ಒಂಟಿಯಾಗಿ ಕಟ್ಟಿದ ಮರಿಗೆ ಈ ಪಾಠ ತಪ್ಪುತ್ತದೆ. ಮುಂದೆ ಅದು ಮನೆಯ ಮಗುವಿನ ಕೈ ಹಿಡಿದಾಗ ತಪ್ಪು ಯಾರದು? ಈ ವಾರಗಳಲ್ಲಿ ಮರಿಯನ್ನು ಹೆಂಗಸರು, ಮಕ್ಕಳು, ಮುದುಕರು ದಿನಾ ಸ್ವಲ್ಪ ಹೊತ್ತು ಎತ್ತಿಕೊಳ್ಳಲಿ. ಹಾಲಿನ ಕ್ಯಾನಿನ ಸದ್ದು, ಟ್ರ್ಯಾಕ್ಟರಿನ ಸದ್ದು ಕಿವಿಗೆ ಬೀಳಲಿ. ಈ ತಳಿ ಸ್ವಭಾವತಃ ಸಂಕೋಚದ್ದು. ಚಿಕ್ಕಂದಿನಲ್ಲಿ ಮನುಷ್ಯರನ್ನು ಕಾಣದಿದ್ದರೆ ಜೀವನವಿಡೀ ಬೆದರುತ್ತದೆ.

ಕೊಟ್ಟಿಗೆಯ ಎಚ್ಚರ

ಆಕಳು ಹಾಕಿದ ಕಸ, ಕಂದು ಹಾಕಿದ ಕರು ನಾಯಿಯ ಬಾಯಿಗೆ ಸಿಗಬಾರದು. ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ. ನಾಯಿಗಳ ಮಲ ಮೇವಿಗೆ, ನೀರಿನ ತೊಟ್ಟಿಗೆ ಸೇರಿದರೆ ಆಕಳು ಕಂದು ಹಾಕುವ ಕೆಲವು ರೋಗಗಳು ಹಬ್ಬುತ್ತವೆ. ಹಸಿ ಕರುಳು, ಪಿತ್ತಜನಕಾಂಗ ತಿನ್ನಿಸಿದ ನಾಯಿಯಿಂದ ಮನುಷ್ಯರಿಗೆ ನೀರುಗುಳ್ಳೆಯ ರೋಗ ಬರುತ್ತದೆ. ಕಣಿಕೆ, ಹೊಟ್ಟಿನ ಬಣವೆಯ ಮೇಲೆ ಮರಿಗಳನ್ನು ಆಡಲು ಬಿಡಬೇಡಿ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಂಡರೆ ಆಕಳಿಗೂ ಮನುಷ್ಯರಿಗೂ ಔಷಧವಿಲ್ಲ. ಯಾರಿಗೇ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಮಾರುವಾಗ

ಹಣ ಎಣಿಸುವ ಮೊದಲು ಗಿರಾಕಿಯನ್ನು ವಿಚಾರಿಸಿ. ಎಲ್ಲಿ ಕಟ್ಟುತ್ತೀರಿ? ದಿನಾ ಓಡಲು ಜಾಗವಿದೆಯೇ? ನೋಡಿಕೊಳ್ಳುವವರು ಯಾರು? ಮುಧೋಳ ನಾಯಿ ಓಡುವ ನಾಯಿ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿದರೆ ಅದಕ್ಕೂ ಸುಖವಿಲ್ಲ, ಕಟ್ಟಿದವರಿಗೂ ಇಲ್ಲ. ಮೊಲ, ಚಿಗರಿ ಬೇಟೆಗೆ ಕೇಳಿಕೊಂಡು ಬಂದವರಿಗೆ ಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಸಂತೆ, ರಸ್ತೆ ಬದಿಯಲ್ಲಿ ಇಟ್ಟು ಮಾರುವಂತಿಲ್ಲ. ಮರಿಗೆ ಮೈಕ್ರೋಚಿಪ್ ಹಾಕಿಸಿ, ಲಸಿಕೆಯ ಪುಸ್ತಕದಲ್ಲಿ ವೈದ್ಯರ ಸಹಿ ಇರಲಿ. ಒಂದು ಹಾಳೆಯಲ್ಲಿ ಹುಟ್ಟಿದ ದಿನ, ತಂದೆ ತಾಯಿಯ ವಿವರ, ಜಂತುನಾಶಕ ಕೊಟ್ಟ ದಿನಗಳು, ಮುಂದಿನ ಲಸಿಕೆಯ ದಿನ, ಈಗ ತಿನ್ನುತ್ತಿರುವ ಊಟ ಬರೆದು ಕೊಡಿ. ಅದರ ಪ್ರತಿ ನಿಮ್ಮಲ್ಲೂ ಇರಲಿ. ನಾಲ್ಕು ದಿನಕ್ಕಾಗುವಷ್ಟು ಅದೇ ಊಟ ಕಟ್ಟಿ ಕೊಟ್ಟರೆ ಹೊಸ ಮನೆಯಲ್ಲಿ ಭೇದಿಯಾಗುವುದು ತಪ್ಪುತ್ತದೆ. ಸಾಕಲು ಆಗದಿದ್ದರೆ ಬೀದಿಗೆ ಬಿಡಬೇಡಿ, ನನಗೇ ತಂದುಕೊಡಿ ಎಂದು ಮಾತು ಪಡೆಯಿರಿ.

ಹೆಣ್ಣು ಮರಿ ಕೇಳುವವರು ಕಡಿಮೆ ಎಂಬ ದೂರು ಕೇಳುತ್ತೇನೆ. ಮಾರಾಟವಾಗದ ಹೆಣ್ಣು ಮರಿಗಳನ್ನು ಚೀಲದಲ್ಲಿ ಹಾಕಿ ಊರಾಚೆ, ಗುಡಿಯ ಮುಂದೆ ಬಿಟ್ಟು ಬರುವುದನ್ನೂ ನೀವು ಕಂಡಿರುತ್ತೀರಿ. ಹೀಗೆ ಬಿಟ್ಟ ಮರಿಗಳಲ್ಲಿ ಬಹುಪಾಲು ಸಾಯುತ್ತವೆ. ಬದುಕಿದವು ಲಸಿಕೆಯಿಲ್ಲದ ಬೀದಿನಾಯಿಗಳಾಗಿ ನಮ್ಮ ಕೊಟ್ಟಿಗೆಗೇ ತಿರುಗಿ ಬರುತ್ತವೆ. ಗಂಡು ಕೊಡಿಸುವ ಮೊದಲೇ ಹೆಣ್ಣು ಮರಿಗಳಿಗೂ ಮನೆ ಹುಡುಕಿಟ್ಟಿರಬೇಕು.

ಕೊನೆಗೆ ಒಂದು ಲೆಕ್ಕ

ಹಾಲಿನ ಪುಸ್ತಕದಂತೆ ಇದಕ್ಕೂ ಒಂದು ಪುಸ್ತಕ ಇಡಿ. ಆರು ಮರಿ ಎಂದುಕೊಳ್ಳಿ. ನಾಲ್ಕು ಸಲದ ಜಂತುನಾಶಕ ಎಂದರೆ 24 ಡೋಸು. ಆರು ಲಸಿಕೆ, ಆರು ಮೈಕ್ರೋಚಿಪ್. ತಾಯಿಗೆ ನಾಲ್ಕೈದು ವಾರ ಎರಡು ಮೂರು ಪಟ್ಟು ಮೇವು. ಆರು ಮರಿಗೆ ಒಂದು ತಿಂಗಳು ದಿನಕ್ಕೆ ನಾಲ್ಕು ಊಟ, ಎಂದರೆ ದಿನಕ್ಕೆ 24 ಬಟ್ಟಲು. ನೋಂದಣಿ, ವೈದ್ಯರ ಖರ್ಚು, ನಿಮ್ಮ ಮನೆಯವರ ನಿದ್ದೆ ಬೇರೆ. ಪ್ರತಿಯೊಂದಕ್ಕೂ ನಿಮ್ಮ ಊರಿನ ದರ ಬರೆಯಿರಿ. ಆಮೇಲೆ ಆರರಲ್ಲಿ ಒಂದು ಸತ್ತಿತು, ಒಂದು ಮನೆಯಲ್ಲೇ ಉಳಿಯಿತು ಎಂದು ಹಿಡಿದು, ನಾಲ್ಕು ಮರಿಯ ಹಣದಲ್ಲಿ ಖರ್ಚು ಹುಟ್ಟುತ್ತದೆಯೇ ನೋಡಿ. ಹುಟ್ಟಿದರೆ ಮುಂದುವರಿಯಿರಿ. ಇಲ್ಲದಿದ್ದರೆ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಮನೆ ಕಾಯಲು ಇಟ್ಟುಕೊಳ್ಳುವುದೇ ಲೇಸು.

ಮರಿ ಹಾಕಿಸಲು ನಿರ್ಧರಿಸಿದವರು ಬೆದೆಗೆ ಒಂದು ತಿಂಗಳು ಮೊದಲೇ ನಿಮ್ಮ ಹತ್ತಿರದ ಪಶುವೈದ್ಯರಿಗೆ ನಾಯಿಯನ್ನು ತೋರಿಸಿ. ಲಸಿಕೆ, ಜಂತುನಾಶಕ, ತೂಕ, ವಯಸ್ಸು ಎಲ್ಲವನ್ನೂ ಆಗಲೇ ಸರಿ ಮಾಡಿಕೊಳ್ಳಬಹುದು. ಕ್ಯಾಲೆಂಡರಿನಲ್ಲಿ ಮರಿ ಹುಟ್ಟಿದ ದಿನಕ್ಕೆ 56 ದಿನ ಕೂಡಿಸಿ ಒಂದು ಗುರುತು ಹಾಕಿ. ಆ ದಿನದವರೆಗೆ ಯಾರೇ ಎಷ್ಟೇ ಹಣ ತಂದರೂ ಮರಿ ಅಂಗಳ ದಾಟದಿರಲಿ.